ಪ್ಲಸ್ 2.2 ಇದ್ದರೂ ಆಟ ಡ್ರಾ ಆಗಿದ್ದು ಹೇಗೆ?

ಪ್ರಶ್ನೆ: ನಾವು ಜಮಖಂಡಿ ಕಡೆಯವರು. ನನ್ನದು ಕಬ್ಬಿನ ಕೃಷಿ. ಮಗಳಿಗೆ 13 ವರ್ಷ, ನಾಲ್ಕು ವರ್ಷದಿಂದ ಚೆಸ್ ಆಡುತ್ತಾಳೆ. ಕಳೆದ ತಿಂಗಳು ವಿಜಯಪುರದ ಒಂದು ಟೂರ್ನಿಗೆ ಕರೆದುಕೊಂಡು ಹೋಗಿದ್ದೆ. ಕೊನೆಯ ಸುತ್ತಿನಲ್ಲಿ ಕುದುರೆ ಕೊಟ್ಟು ಆನೆ ಹೊಡೆದಿದ್ದಳು. ಆದರೂ 58 ನಡೆ ಆಡಿ ಡ್ರಾ ಒಪ್ಪಿಕೊಂಡು ಬಂದಳು. ಗೆದ್ದಿದ್ದರೆ ಪ್ರೈಜ್ ಇತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಆಟವನ್ನು ಮೊಬೈಲ್‌ನ ಸ್ಟಾಕ್‌ಫಿಶ್‌ಗೆ, ಅಂದರೆ ಚೆಸ್ ಲೆಕ್ಕ ಹಾಕುವ ಇಂಜಿನ್‌ಗೆ, ಹಾಕಿದೆ. 29ನೇ ನಡೆಗೆ ಮುಂಚೆ ಮಗಳ ಪರವಾಗಿ ಪ್ಲಸ್ 2.6, ಆಮೇಲೆ 2.2, ಡ್ರಾ ಆದಾಗಲೂ 1.6 ಇತ್ತು. ಒಂದೂ ತಪ್ಪು ನಡೆ ತೋರಿಸಲಿಲ್ಲ. "ಗೆದ್ದ ಆಟ ಬಿಟ್ಟು ಬಂದಿ" ಅಂತ ಬೈದೆ. ಅವಳು ಅತ್ತಳು. "ಅಪ್ಪಾ, ಅದಕ್ಕ ಪೊಸಿಷನ್ ತಿಳಿಯಂಗಿಲ್ಲ, ಬರೇ ಕಾಯಿ ಎಣಸ್ತೈತಿ" ಅಂದಳು. ಅವಳ ಕೋಚ್ ಕೂಡ ಆಟ ಸಮ ಇತ್ತು ಅನ್ನುತ್ತಾರೆ. 3600 ರೇಟಿಂಗ್ ಇರುವ ಇಂಜಿನ್‌ಗೆ ತಿಳಿಯದ್ದು ಇವರಿಗೆ ತಿಳಿಯುತ್ತದಾ? ಇಂಜಿನ್ ಬಿಡಿಸಬೇಕಾ? ಇಲ್ಲಾ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಡಿಸಿದರೆ ಸರಿಯಾದ ಉತ್ತರ ಬರುತ್ತದಾ? ಸ್ಕೋರ್‌ಶೀಟ್ ಫೋಟೋ ಕಳಿಸಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ಮೊದಲು ಮಗಳಿಗೆ ಸಾರಿ ಹೇಳಿ. ನೀವು ಬೈದಿದ್ದು ಒಂದು ಅಂಕಿಯನ್ನು ನಂಬಿ. ಈ ಆಟದ ಮಟ್ಟಿಗೆ ಆ ಅಂಕಿ ತಪ್ಪು. ಸಾರಿ ಹೇಳಿದ ಮೇಲೆ ಇದನ್ನೂ ಹೇಳಿ: ಇಂಜಿನ್ ಬರೇ ಕಾಯಿ ಎಣಿಸುತ್ತದೆ ಅನ್ನುವ ಅವಳ ಮಾತೂ ತಪ್ಪು. ಹತ್ತು ವರ್ಷದ ಹಿಂದೆ ಅಂದಿದ್ದರೆ ಅರ್ಧ ಒಪ್ಪಿಕೊಳ್ಳುತ್ತಿದ್ದೆ, ಈಗ ಇಲ್ಲ. ಇನ್ನು ಮೂರನೆಯದನ್ನು ನೀವಿಬ್ಬರೂ ಗಮನಿಸಿಲ್ಲ. ಅವಳು ನಿಜವಾಗಿಯೂ ಒಂದು ತಪ್ಪು ನಡೆ ಆಡಿದ್ದಾಳೆ. ಆಪ್ ಅದಕ್ಕೆ ಹಸಿರು ಟಿಕ್ ಹಾಕಿ ಮುಂದೆ ಹೋಗಿದೆ.

ನೀವು ಕಳಿಸಿದ ಶೀಟ್ ಇಟ್ಟುಕೊಂಡು ಇಲ್ಲಿ ಬೆಳಗಾವಿಯ ನಮ್ಮ ಕ್ಲಾಸಿನಲ್ಲಿ ಆಟವನ್ನು ಬೋರ್ಡಿನ ಮೇಲೆ ಪೂರ್ತಿ ಆಡಿಸಿದೆ. ಮಗಳ ಕೈಬರಹ ಚೆನ್ನಾಗಿದೆ. ನನ್ನ ಹುಡುಗರ ಶೀಟ್ ಓದಬೇಕಾದರೆ ಔಷಧಿ ಅಂಗಡಿಯವರನ್ನು ಕರೆಸಬೇಕು.

ನೀವೂ ಬೋರ್ಡ್ ತೆಗೆಯಿರಿ. ಎಯಿಂದ ಎಚ್ ತನಕ ಇರುವುದು ಉದ್ದ ಸಾಲು, ಅದಕ್ಕೆ ಫೈಲ್ ಅನ್ನುತ್ತಾರೆ; 1ರಿಂದ 8 ಅಡ್ಡ ಸಾಲು. 29ನೇ ನಡೆಗೆ ಮುಂಚೆ ರಾಣಿಗಳು ಹೋಗಿವೆ. ಮಗಳು ಬಿಳಿ, ಅವಳ ಹತ್ತಿರ ಎರಡು ಆನೆ ಮತ್ತು ಬಿಳಿ ಮನೆಯ ಒಂಟೆ. ಎದುರಿನ ಹುಡುಗನಿಗೆ ಒಂದು ಆನೆ, ಕುದುರೆ, ಒಂಟೆ. ರಾಜನ ಕಡೆ ಪ್ಯಾದೆಗಳು ಆಗಲೇ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಬಿಳಿಯವು ಇ4, ಎಫ್5, ಜಿ4, ಎಚ್5. ಕಪ್ಪಿನವು ಒಂದೊಂದರ ಎದುರಿಗೆ ಇ5, ಎಫ್6, ಜಿ5, ಎಚ್6. ಅಲ್ಲಿ ಯಾರಿಗೂ ದಾರಿ ಇಲ್ಲ. ದಾರಿ ಉಳಿದಿದ್ದು ರಾಣಿಯ ಕಡೆ ಮಾತ್ರ. ಅಲ್ಲಿ ಬಿಳಿ ಪ್ಯಾದೆಗಳು ಎ4, ಬಿ4, ಸಿ4, ಡಿ5. ಕಪ್ಪಿನವು ಎ6, ಬಿ6, ಸಿ5, ಡಿ6.

ಮಗಳು ಬಿ ಪ್ಯಾದೆಯನ್ನು ಬಿ5ಗೆ ತಳ್ಳಿದಳು. ಹುಡುಗ ಎ5 ಆಡಿದ. ಅಲ್ಲಿಗೆ ಆಟ ಮುಗಿಯಿತು. ಉಳಿದ 29 ನಡೆ ಬರೀ ಓಡಾಟ.

ಯಾಕೆ ಅಂತ ಬೆರಳಿಟ್ಟು ನೋಡಿ. ಈಗ ಎಂಟು ಜೋಡಿ ಪ್ಯಾದೆಗಳೂ ಎದುರುಬದುರು. ಒಂದೂ ಮುಂದೆ ಹೋಗಲ್ಲ, ಒಂದಕ್ಕೂ ಹೊಡೆಯಲು ಏನೂ ಇಲ್ಲ. ಬಿಳಿ ರಾಜ ಮುಂದೆ ಬರಬೇಕಾದರೆ ನಾಲ್ಕನೇ ಸಾಲಿನಲ್ಲಿ ಬಿ4, ಡಿ4, ಎಫ್4, ಎಚ್4 ನಾಲ್ಕೇ ಮನೆ ಖಾಲಿ. ನಾಲ್ಕರ ಮೇಲೂ ಕಪ್ಪು ಪ್ಯಾದೆಯ ಕಣ್ಣಿದೆ. ಆನೆ ಅಲ್ಲಿಗೆ ಹೋಗಿ ಕೂರಬಹುದು, ಆದರೆ ಎಡಬಲಕ್ಕೂ ಎದುರಿಗೂ ಅದರದ್ದೇ ಪ್ಯಾದೆ. ಹುಡುಗ ಅದನ್ನು ಹೊಡೆಯದೆ ಬಿಟ್ಟರೆ ಆಯಿತು, ಆನೆ ಅಲ್ಲೇ ನಿಂತಿರುತ್ತದೆ. ಇನ್ನು ಒಂಟೆ. ನಾಲ್ಕನೇ ಸಾಲಿನ ಬಿಳಿ ಮನೆಗಳಲ್ಲೆಲ್ಲ ಸ್ವಂತ ಪ್ಯಾದೆಗಳೇ ಕೂತಿವೆ. ಅದು ತನ್ನ ಮನೆಯಲ್ಲೇ ಕೈದಿ.

ಈಗ ಒಂದು ತಮಾಷೆ ಮಾಡಿ. ಕಪ್ಪಿನ ಆನೆ, ಕುದುರೆ, ಒಂಟೆ ಮೂರನ್ನೂ ಬೋರ್ಡಿನಿಂದ ಎತ್ತಿಬಿಡಿ. ಕಪ್ಪಿಗೆ ಉಳಿದಿದ್ದು ರಾಜ ಮತ್ತು ಎಂಟು ಪ್ಯಾದೆ. ಬಿಳಿಗೆ ಎರಡು ಆನೆ, ಒಂದು ಒಂಟೆ ಜಾಸ್ತಿ. ಆದರೂ ಬಿಳಿ ಗೆಲ್ಲುವುದಿಲ್ಲ! ಕಪ್ಪು ರಾಜ ಗೋಡೆಯ ಹಿಂದೆ ಸುಮ್ನೆ ಅತ್ತಿಂದಿತ್ತ ಅಡ್ಡಾಡಿಕೊಂಡಿದ್ದರೆ ಸಾಕು. ಇದನ್ನು ನನ್ನ ಫೋನಿಗೆ ಹಾಕಿದೆ. ಬಿಳಿಗೆ ಇನ್ನೂ ದೊಡ್ಡ ಪ್ಲಸ್ ತೋರಿಸಿತು.

ಇಂಥ ಸ್ಥಿತಿಗೆ ಚೆಸ್‌ನಲ್ಲಿ ಕೋಟೆ ಅನ್ನುತ್ತಾರೆ. ನಿಮ್ಮ ಮಗಳಿಗೆ ಇದು ಕಂಡಿತ್ತು, ಕೋಚ್‌ಗೂ ಕಂಡಿತ್ತು. ಇಂಜಿನ್‌ಗೆ ಕಾಣಲಿಲ್ಲ. ಹಾಗಂತ ಇಂಜಿನ್‌ಗೆ ಪೊಸಿಷನ್ ತಿಳಿಯಲ್ಲ ಅಂತ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

ಫ್ಯಾಕ್ಟರಿ ಗೇಟಿನ ವೇಬ್ರಿಡ್ಜ್ ನಿಮಗೆ ಗೊತ್ತಲ್ಲ. ಎಷ್ಟು ಟನ್ ಅಂತ ಹೇಳುತ್ತದೆ, ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಎಷ್ಟು ಅಂತ ಹೇಳಲ್ಲ. ಹಳೆಯ ಇಂಜಿನ್‌ಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಪ್ಯಾದೆಗೆ 1, ಕುದುರೆ ಒಂಟೆಗೆ 3, ಆನೆಗೆ 5, ರಾಣಿಗೆ 9. ಅದರ ಮೇಲೆ ಮನುಷ್ಯರು ಬರೆದುಕೊಟ್ಟ ಒಂದಿಷ್ಟು ನಿಯಮ: ತೆರೆದ ಫೈಲಿನಲ್ಲಿ ಆನೆ ಇದ್ದರೆ ಇಷ್ಟು ಸೇರಿಸು, ಒಂದೇ ಫೈಲಿನಲ್ಲಿ ಜೋಡಿ ಪ್ಯಾದೆ ಇದ್ದರೆ ಇಷ್ಟು ಕಳೆ. ಉಳಿದಿದ್ದೆಲ್ಲ ವೇಗದ ಬಲ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು 3.5–2.5ರಿಂದ ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತು. ನಾನು ಕಲಿಸಲು ಶುರು ಮಾಡಿದ ಕಾಲದಲ್ಲಿ "ಇಂಜಿನ್‌ಗೆ ಪೊಸಿಷನ್ ತಿಳಿಯಲ್ಲ" ಅನ್ನುವುದು ಕೋಚ್‌ಗಳ ಸಮಾಧಾನದ ಮಾತಾಗಿತ್ತು. ನಾನೂ ಎಷ್ಟು ಸಾರಿ ಹೇಳಿದ್ದೇನೋ.

ಆಮೇಲೆ ಕಾಲ ಬದಲಾಯಿತು. 2017ರ ಕೊನೆಯಲ್ಲಿ ಆಲ್ಫಾಜೀರೋ ಬಂತು. ತನ್ನ ವಿರುದ್ಧ ತಾನೇ ಆಡಿ ಕಲಿತ ಪ್ರೋಗ್ರಾಂ ಅದು. ಸ್ಟಾಕ್‌ಫಿಶ್ 8ರ ಜೊತೆ 100 ಆಟ ಆಡಿ 28 ಗೆದ್ದಿತು, 72 ಡ್ರಾ, ಒಂದೂ ಸೋಲಿಲ್ಲ. ಸ್ಟಾಕ್‌ಫಿಶ್ ಸೆಕೆಂಡಿಗೆ 7 ಕೋಟಿ ಸ್ಥಿತಿ ನೋಡುತ್ತಿದ್ದರೆ ಇದು ನೋಡುತ್ತಿದ್ದುದು 80 ಸಾವಿರ. ಅಷ್ಟು ಕಡಿಮೆ ನೋಡಿ ಗೆದ್ದಿತು ಅಂದರೆ ಎಲ್ಲಿ ನೋಡಬೇಕು ಅನ್ನುವುದು ಅದಕ್ಕೆ ಗೊತ್ತಿತ್ತು ಅಂತ ತಾನೇ? ಪ್ಯಾದೆ ಕೊಟ್ಟು ಎದುರಾಳಿಯ ಕಾಯಿಗಳ ಉಸಿರುಗಟ್ಟಿಸುವ ಅದರ ಆಟ ನೋಡಿ ಗ್ರಾಂಡ್‌ಮಾಸ್ಟರ್‌ಗಳೇ ದಂಗಾದರು.

ಸ್ಟಾಕ್‌ಫಿಶ್ ಕೂಡ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಯು ನಾಸು ಎಂಬುವರು ಜಪಾನಿನ ಚೆಸ್ ಆದ ಶೋಗಿಗಾಗಿ ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ಮಾಡಿದ್ದರು. ಎನ್‌ಎನ್‌ಯುಇ ಅಂತ ಅದರ ಹೆಸರು. ಸಾಮಾನ್ಯ ಕಂಪ್ಯೂಟರಿನಲ್ಲೇ ಬೇಗ ಓಡುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಫಿಶ್ 12 ಅದನ್ನು ಒಳಗೆ ತೆಗೆದುಕೊಂಡಿತು. 2023ರ ಸ್ಟಾಕ್‌ಫಿಶ್ 16ರಲ್ಲಿ ಮನುಷ್ಯರು ಬರೆದ ಹಳೆಯ ನಿಯಮಗಳನ್ನೇ ಕಿತ್ತುಹಾಕಿದರು. ಈಗ ನಿಮ್ಮ ಫೋನಿನಲ್ಲಿ ಇರುವುದು ವೇಬ್ರಿಡ್ಜ್ ಅಲ್ಲ. ಬದುವಿನ ಮೇಲೆ ನಿಂತು, ಗಣಿಕೆ ನೋಡಿ, ರಿಕವರಿ ಇಷ್ಟು ಬರುತ್ತದೆ ಅನ್ನುವ ಹಳೇ ರೈತ. ಕೋಟಿಗಟ್ಟಲೆ ಸ್ಥಿತಿಗಳನ್ನು ನೋಡಿ ಕಣ್ಣು ಪಳಗಿದೆ. ದುರ್ಬಲ ಮನೆ, ಕೆಟ್ಟ ಒಂಟೆ, ರಾಜನ ಭದ್ರತೆ, ಹತ್ತು ನಡೆ ಆದಮೇಲೆ ನೋವು ಕೊಡುವ ಪ್ಯಾದೆ, ಇದೆಲ್ಲ ಅದಕ್ಕೆ ನನಗಿಂತ ಚೆನ್ನಾಗಿ ಕಾಣುತ್ತದೆ. ಒಪ್ಪಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಹಾಗಾದರೆ ಮಗಳ ಆಟದಲ್ಲಿ ಯಾಕೆ ಎಡವಿತು? ಆ ರೈತ ಕಬ್ಬು ನೋಡುತ್ತಾನೆ. ಆ ಹೊಲಕ್ಕೆ ಟ್ರ್ಯಾಕ್ಟರ್ ಹೋಗಲು ದಾರಿ ಇದೆಯಾ ಅಂತ ನೋಡಲ್ಲ. ಕಬ್ಬು ಎಷ್ಟೇ ಚೆನ್ನಾಗಿದ್ದರೂ ಸುತ್ತ ಬೇರೆಯವರ ಹೊಲ, ಬೇಲಿ, ದಾರಿ ಇಲ್ಲ ಅಂದರೆ ಫ್ಯಾಕ್ಟರಿಗೆ ಹೋಗುವುದು ಹೇಗೆ?

ಸ್ವಲ್ಪ ಒಳಗೆ ಹೋಗೋಣ. ನೆಟ್‌ವರ್ಕ್ ಕೊಡುವುದು ಅಂದಾಜು. ಎರಡು ಆನೆ ಇರುವವನು, ಒಂದು ಆನೆ ಒಂದು ಕುದುರೆ ಇರುವವನ ವಿರುದ್ಧ ಸಾಮಾನ್ಯವಾಗಿ ಗೆಲ್ಲುತ್ತಾನೆ. ಅದು ಕಲಿತ ಆಟಗಳಲ್ಲಿ ಹಾಗೇ ಆಗಿದೆ. ಪೂರ್ತಿ ಬೀಗ ಬಿದ್ದ ಬೋರ್ಡ್ ಅಪರೂಪ. ಅಂದಾಜು ತಪ್ಪಿದಾಗ ತಿದ್ದಬೇಕಾದ್ದು ಹುಡುಕಾಟ, ಅಂದರೆ ಮುಂದಿನ ನಡೆಗಳನ್ನು ಒಂದೊಂದಾಗಿ ಆಡಿ ನೋಡುವ ಕೆಲಸ. ಇಲ್ಲಿ ಅದೂ ಕೈಕೊಡುತ್ತದೆ. ಲೆಕ್ಕ ಹಾಕಿ. ಪ್ಯಾದೆ ಚಲಿಸದೆ, ಕಾಯಿ ಹೊಡೆಯದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು. ಇಬ್ಬರದ್ದೂ ಸೇರಿ 100 ನಡೆ. ನಿಮ್ಮ ಫೋನ್ ಬಸ್ಸಿನಲ್ಲಿ 25, 30ರ ಆಳಕ್ಕೆ ನೋಡಿರುತ್ತದೆ. ಅದು ಇಬ್ಬರ ನಡೆಯನ್ನೂ ಸೇರಿಸಿ ಎಣಿಸಿದ ಆಳ. ಇನ್ನೂ 70 ನಡೆ ದೂರದಲ್ಲಿರುವ ಡ್ರಾ ಅದಕ್ಕೆ ಕಾಣುವುದೇ ಇಲ್ಲ. ಆನೆ ಅಲ್ಲಿ ಇಟ್ಟರೂ ಪ್ಲಸ್ 2, ಇಲ್ಲಿ ಇಟ್ಟರೂ ಪ್ಲಸ್ 2. ಸರಿ, ಪ್ಲಸ್ 2 ಅಂತ ಬರೆದುಬಿಡುತ್ತದೆ. ಮೇಲಾಗಿ ಇಂಜಿನ್ ಎಲ್ಲ ನಡೆಯನ್ನೂ ಒಂದೇ ಆಳಕ್ಕೆ ನೋಡಲ್ಲ. ಹೊಡೆತ, ಚೆಕ್ ಇದ್ದ ಕಡೆ ಆಳಕ್ಕೆ ಹೋಗುತ್ತದೆ, ತಣ್ಣಗಿನ ನಡೆಗಳನ್ನು ಮೊದಲು ಮೇಲ್ಮೇಲೆ ನೋಡಿ ಬಿಡುತ್ತದೆ.

ಮನುಷ್ಯ ಹಾಗೆ ಯೋಚಿಸುವುದೇ ಇಲ್ಲ. "ಒಳಗೆ ಹೋಗಲು ಬಾಗಿಲು ಎಲ್ಲಿದೆ?" ಅಂತ ಕೇಳುತ್ತಾನೆ. ನಾಲ್ಕು ಮನೆ ನೋಡುತ್ತಾನೆ, ಬಾಗಿಲಿಲ್ಲ, ಡ್ರಾ. ಹತ್ತು ಸೆಕೆಂಡಿನ ಕೆಲಸ. ಮಗಳು ಅದನ್ನೇ ಮಾಡಿದ್ದಾಳೆ.

ಆ 2.2 ನಿಧಾನಕ್ಕೆ 1.6 ಆಯಿತಲ್ಲ, ಅದೂ ಒಂದು ಸುಳಿವು. ಮಗಳು ಕೆಟ್ಟದಾಗಿ ಆಡಿದ್ದಕ್ಕೆ ಇಳಿದಿದ್ದಲ್ಲ. 50 ನಡೆಯ ಲೆಕ್ಕ ಮುಂದೆ ಹೋದಂತೆ ಸ್ಟಾಕ್‌ಫಿಶ್ ತಾನೇ ಅಂಕಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ. "ಇಷ್ಟು ಹೊತ್ತಾದರೂ ಏನೂ ಆಗಲಿಲ್ಲ, ಬಹುಶಃ ಏನೂ ಆಗಲ್ಲ" ಅನ್ನುವ ಅನುಮಾನವನ್ನು ಸೂತ್ರದಲ್ಲಿ ಬರೆದಿಟ್ಟಿದ್ದಾರೆ. ಅರ್ಥವಾಗಿ ಇಳಿಸಿದ್ದಲ್ಲ, ಗಡಿಯಾರ ನೋಡಿ ಇಳಿಸಿದ್ದು.

ಈ ಗಡಿಯಾರದಿಂದ ಒಂದು ಹಳೇ ಇಂಜಿನ್ ಮಾನ ಕಳೆದುಕೊಂಡ ಕತೆ ಇದೆ. 2008ರಲ್ಲಿ ಅಮೆರಿಕದ ಗ್ರಾಂಡ್‌ಮಾಸ್ಟರ್ ಹಿಕಾರು ನಕಮುರಾ ಇಂಟರ್ನೆಟ್‌ನ ಬ್ಲಿಟ್ಜ್ ಆಟದಲ್ಲಿ, ಅಂದರೆ ಕೆಲವೇ ನಿಮಿಷದ ಆಟದಲ್ಲಿ, ರಿಬ್ಕಾ ವಿರುದ್ಧ ಕೂತರು. ಆಗ ಅದು ದೊಡ್ಡ ಹೆಸರಿನ ಇಂಜಿನ್. ನಕಮುರಾ ಬೋರ್ಡಿಗೆ ಬೀಗ ಹಾಕಿ, ಕಾಯಿ ಕಡಿಮೆ ಮಾಡಿಕೊಂಡು, ಸುಮ್ಮನೆ ಓಡಾಡುತ್ತಾ ಕೂತರು. ರಿಬ್ಕಾಗೆ ತಾನು ಮುಂದಿದ್ದೇನೆ ಅನ್ನುವ ನಂಬಿಕೆ. ಮುಂದಿರುವವರು ಡ್ರಾಗೆ ಒಪ್ಪುತ್ತಾರಾ? 50 ನಡೆ ತುಂಬುವ ಹೊತ್ತಿಗೆ ಡ್ರಾ ತಪ್ಪಿಸಲು ಪ್ಯಾದೆ ತಳ್ಳಿ ತನ್ನ ಗೋಡೆಯನ್ನು ತಾನೇ ಒಡೆಯಿತು. 271 ನಡೆಯ ಆ ಆಟವನ್ನು ಸೋತಿತು. ಇಂದಿನ ಸ್ಟಾಕ್‌ಫಿಶ್ ಅಷ್ಟು ಪೆದ್ದಲ್ಲ. ಆದರೆ ಕಾಯಿಲೆಯ ಬೇರು ಅದೇ.

ಇನ್ನು ನಿಮ್ಮ 3600. ಅದು ಇಂಜಿನ್‌ಗಳು ತಮ್ಮತಮ್ಮೊಳಗೆ ಆಡಿ ಪಡೆದ ರೇಟಿಂಗ್, ವಿಶ್ವ ಚೆಸ್ ಸಂಸ್ಥೆ ಫಿಡೆ ಮನುಷ್ಯರಿಗೆ ಕೊಡುವ ರೇಟಿಂಗ್ ಜೊತೆ ನೇರವಾಗಿ ತೂಗುವಂತಿಲ್ಲ. ಅಂಕಿಯ ಅರ್ಥವೂ ಬದಲಾಗಿದೆ. ಪ್ಲಸ್ 1 ಅಂದರೆ ಒಂದು ಪ್ಯಾದೆ ಜಾಸ್ತಿ ಅಂತ ನಾವು ಕಲಿತಿದ್ದೆವು. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಪ್ಲಸ್ 1 ಅಂದರೆ, ಇಲ್ಲಿಂದ ಮುಂದೆ ಸ್ಟಾಕ್‌ಫಿಶ್ ತನ್ನ ಜೊತೆ ತಾನೇ ಆಡಿದರೆ ಬಿಳಿ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು. ತನ್ನ ಜೊತೆ ತಾನೇ, ಗಮನಿಸಿ. ಜಮಖಂಡಿಯ 13 ವರ್ಷದ ಹುಡುಗಿ, ನಾಲ್ಕು ತಾಸು ಕೂತು ಕೈ ಬೆವರಿದಾಗ ಗೆಲ್ಲುತ್ತಾಳಾ ಅನ್ನುವುದು ಬೇರೆಯೇ ಪ್ರಶ್ನೆ. ನೀವು ಅದನ್ನು ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಓದಿದಿರಿ.

ಈಗ ಆ ಬಿ5ಗೆ ಬರೋಣ. ನನಗೆ ಮುಖ್ಯ ಅನ್ನಿಸುವುದು ಅದೇ. ಆ ನಡೆಯಿಂದ ಅಂಕಿ ಇಳಿದಿದ್ದು 2.6ರಿಂದ 2.2ಕ್ಕೆ. ಅಷ್ಟೇ ಇಳಿದರೆ ಆಪ್‌ಗಳು ತಪ್ಪು ಅನ್ನಲ್ಲ. ಆದರೆ ಗೆಲುವು ಹೋಗಿದ್ದೇ ಅಲ್ಲಿ. ಬಿ4 ಪ್ಯಾದೆಯಿಂದ ಸಿ5 ಹೊಡೆದಿದ್ದರೆ? ಹುಡುಗ ಬಿ ಪ್ಯಾದೆಯಿಂದ ತಿರುಗಿ ಹೊಡೆದರೆ ಬಿ ಫೈಲ್ ತೆರೆಯುತ್ತಿತ್ತು. ಆನೆ ಬಿ1ಗೆ ಬಂದು ಬಿ6ಕ್ಕೆ ಹೋದರೆ ಎ6, ಡಿ6 ಎರಡೂ ಪ್ಯಾದೆ ಅದರ ಕಣ್ಣಿಗೆ ಬೀಳುತ್ತವೆ. ಡಿ ಪ್ಯಾದೆಯಿಂದ ಹೊಡೆದರೆ ಮಗಳ ಡಿ5 ಪ್ಯಾದೆಗೆ ಎದುರು ಪ್ಯಾದೆಯೇ ಇರುತ್ತಿರಲಿಲ್ಲ. ಇಲ್ಲವೇ ಏನೂ ಹೊಡೆಯದೆ, ಎರಡೂ ಆನೆಗಳನ್ನು ಬಿ ಫೈಲಿಗೆ ತಂದಿಟ್ಟು ಕಾಯಬಹುದಿತ್ತು. ಆನೆ ಜಾಸ್ತಿ ಇರುವವರಿಗೆ ಬೇಕಾದ್ದು ರಸ್ತೆ. ಅವಳು ಇದ್ದ ಒಂದೇ ರಸ್ತೆಗೆ ಕಲ್ಲು ಇಟ್ಟಳು. ಈ ವಯಸ್ಸಿನ ಮಕ್ಕಳಿಗೆ ಪ್ಯಾದೆ ಮುಂದೆ ತಳ್ಳುವುದು ಅಂದರೆ ಖುಷಿ. ಜಾಗ ಗೆದ್ದ ಹಾಗೆ ಕಾಣುತ್ತದೆ.

ಅವಳಿಗೆ ಒಂದು ಹಳೆಯ ಆಟ ತೋರಿಸಿ. 1974ರ ನೀಸ್ ಒಲಿಂಪಿಯಾಡ್, ಕಾರ್ಪೋವ್ ಮತ್ತು ಉನ್‌ಜಿಕರ್. ಎ ಫೈಲ್ ತೆರೆದಿದೆ, ಆನೆಗಳು ಎದುರಾಗಿವೆ. 24ನೇ ನಡೆಯಲ್ಲಿ ಕಾರ್ಪೋವ್ ತಮ್ಮ ಒಂಟೆಯನ್ನು ಎ7ರಲ್ಲಿ ತಂದಿಟ್ಟು ಆ ಫೈಲನ್ನೇ ಮುಚ್ಚಿದರು. ಆನೆಗಳ ಅದಲುಬದಲು ತಪ್ಪಿತು. ಒಂಟೆಯ ಮರೆಯಲ್ಲಿ ತಮ್ಮ ಆನೆಗಳನ್ನು ಜೋಡಿಸಿಕೊಂಡು, ರಾಜನ ಕಡೆ ನಿಧಾನಕ್ಕೆ ಒತ್ತಿ ಗೆದ್ದರು. ಅವರೂ ಬಾಗಿಲು ಮುಚ್ಚಿದರು, ನಿಮ್ಮ ಮಗಳೂ ಮುಚ್ಚಿದಳು. ಒಂಟೆ ಮುಚ್ಚಿದ ಬಾಗಿಲನ್ನು ಬೇಕಾದಾಗ ತೆರೆಯಬಹುದು. ಪ್ಯಾದೆ ಹಿಂದೆ ಬರಲ್ಲ.

ಇಂಜಿನ್ ಬಿಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಪೂರ್ತಿ ಬಿಡಿಸಿದ ಪಾಲಕರನ್ನೂ ನೋಡಿದ್ದೇನೆ. ಈ ಮಟ್ಟದಲ್ಲಿ ಹೆಚ್ಚಿನ ಆಟ ಹೋಗುವುದು ಎರಡು ನಡೆಯ ಹೊಡೆತ ಕಾಣದೆ, ಅದನ್ನು ಇಂಜಿನ್‌ನಷ್ಟು ಚೆನ್ನಾಗಿ ಯಾವ ಕೋಚೂ ಹಿಡಿಯಲ್ಲ. ಆದರೆ ಆಟ ಮುಗಿದ ಕೂಡಲೇ ಹಾಕಬೇಡಿ. ಮೊದಲು ಅವಳು ತನ್ನ ಕೈಯಲ್ಲಿ ಬರೆಯಲಿ: ಎಲ್ಲಿ ಯಾಕೆ ಹಾಗೆ ಆಡಿದೆ, ಎಲ್ಲಿ ಹೆದರಿದೆ. ಆಮೇಲೆ ಇಂಜಿನ್. ಮೊದಲೇ ಅಂಕಿ ನೋಡಿದ ಮಗು ಕಾರಣ ಹುಡುಕುವುದನ್ನು ಬಿಟ್ಟುಬಿಡುತ್ತದೆ, ಇದು ನನ್ನ ಕ್ಲಾಸಿನಲ್ಲೇ ಕಂಡಿದ್ದು.

ಅಂಕಿ ನಂಬಬೇಕೋ ಬೇಡವೋ ಅನ್ನುವ ಅನುಮಾನ ಬಂದಾಗ ಆಪ್‌ನಲ್ಲಿ ಒಂದರ ಬದಲು ನಾಲ್ಕೈದು ಸಾಲು ತೋರಿಸುವಂತೆ ಮಾಡಿ. ರಾಜನನ್ನು ಜಿ1ರಲ್ಲಿ ಇಟ್ಟರೂ 2.2, ಎಚ್1ರಲ್ಲಿ ಇಟ್ಟರೂ 2.2, ಆನೆ ಎಲ್ಲಿ ಹೋದರೂ 2.2 ಅಂತ ಬಂದರೆ ಕಿವಿ ನಿಮಿರಬೇಕು. ಗೆಲ್ಲುವ ಸ್ಥಿತಿಯಲ್ಲಿ ಇಂಜಿನ್ ಹೇಳಿದ ನಡೆಗಳನ್ನೇ ಹತ್ತು ಹದಿನೈದು ಆಡುತ್ತಾ ಹೋದರೆ ಅಂಕಿ ಏರುತ್ತದೆ. ನಿಂತಲ್ಲೇ ನಿಂತರೆ ಕೋಟೆ ಇರಬಹುದು. ಇರಬಹುದು ಅಷ್ಟೇ. ಕೆಲವೊಮ್ಮೆ ನಿಧಾನದ ಗೆಲುವೂ ಹೀಗೇ ಕಾಣುತ್ತದೆ, ಆಗ ಮನುಷ್ಯರ ಕಣ್ಣು ಬೇಕು. ಬೋರ್ಡಿನ ಮೇಲೆ ರಾಜರೂ ಸೇರಿ ಏಳು ಕಾಯಿ ಅಥವಾ ಕಡಿಮೆ ಉಳಿದಿದ್ದರೆ ಈ ಜಗಳವೇ ಇಲ್ಲ. ಅಷ್ಟಕ್ಕೆ ಟೇಬಲ್‌ಬೇಸ್, ಅಂದರೆ ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟ ಪಟ್ಟಿ, ಇದೆ, ಲಿಚೆಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಅಂದಾಜು ಹೇಳಲ್ಲ, ಗೆಲುವು ಅಥವಾ ಡ್ರಾ ಅಂತ ಖಚಿತವಾಗಿ ಹೇಳುತ್ತದೆ.

ಇನ್ನೊಂದು ದಾರಿ ನನಗೆ ಇಷ್ಟದ್ದು, ಮಕ್ಕಳಿಗೆ ಕಷ್ಟದ್ದು. 29ನೇ ನಡೆಯ ಸ್ಥಿತಿ ಹಾಕಿ, ಮಗಳು ಬಿಳಿ ತೆಗೆದುಕೊಂಡು ಇಂಜಿನ್ ವಿರುದ್ಧ ಆಡಲಿ. ಒಮ್ಮೆ ಸಿ5 ಹೊಡೆದು, ಒಮ್ಮೆ ಕಾದು. ಐದರಲ್ಲಿ ಮೂರು ಸೋಲಬಹುದು, ಬೇಜಾರಾಗಬಹುದು. ದಿನಕ್ಕೆ ಒಂದೇ ಸಾಕು. ನೀವು ಪಕ್ಕದಲ್ಲಿ ಕೂತು ಅಂಕಿ ನೋಡಬೇಡಿ.

ಲ್ಯಾಪ್‌ಟಾಪ್ ವಿಷಯ. ಸ್ಟಾಕ್‌ಫಿಶ್ ಪುಕ್ಕಟೆ, ಓಡುವುದು ಸಾಮಾನ್ಯ ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡಿನಿಂದ ಅದಕ್ಕೆ ಏನೂ ಆಗಬೇಕಾಗಿಲ್ಲ. ಕಾರ್ಡ್ ಬೇಕಾಗುವುದು ಲೀಲಾ ಚೆಸ್ ಜೀರೋ ಥರದ, ಆಲ್ಫಾಜೀರೋ ದಾರಿ ಹಿಡಿದ ಇಂಜಿನ್‌ಗಳಿಗೆ. ಅದೂ ಕೋಟೆಯ ಮುಂದೆ ಎಡವುವುದುಂಟು. ಹೆಚ್ಚು ವೇಗದ ಯಂತ್ರದಲ್ಲಿ 30ರ ಬದಲು 40ರ ಆಳ ಸಿಗಬಹುದು, ಮಗಳ ಆಟದಲ್ಲಿ ಬೇಕಿದ್ದುದು 100. ಆ ದುಡ್ಡಿನಲ್ಲಿ ಬೆಳಗಾವಿ, ಹುಬ್ಬಳ್ಳಿಯ ನಾಲ್ಕೈದು ಟೂರ್ನಿಗೆ ಕರೆದುಕೊಂಡು ಬರಬಹುದು. ಬಂದಾಗ ಆ ಶೀಟ್ ತನ್ನಿ. 29ನೇ ನಡೆಯ ಪಕ್ಕದಲ್ಲಿ ಅವಳು ಗಡಿಯಾರದ ಸಮಯ ಬರೆದಿದ್ದಾಳೆ, ಬಿ5 ಆಡಲು ತೆಗೆದುಕೊಂಡಿದ್ದು ಒಂದು ನಿಮಿಷಕ್ಕಿಂತ ಕಡಿಮೆ. ಆಗ ಅವಳ ಹತ್ತಿರ ಇನ್ನೂ 41 ನಿಮಿಷ ಇತ್ತು.